ಬ್ಲರ್ ಹಾಕಿಕೊಂಡು ಕೂತ ಇಷ್ಟು ವರ್ಷ

ನಮ್ಮದು ಒಂದು ರೂಮು, ಒಂದು ಹಾಲ್ ಇರುವ ಬಾಡಿಗೆ ಮನೆ. ಮೀಟಿಂಗ್‌ಗೆ ಕೂರುವುದು ಹಾಲ್‌ನಲ್ಲೇ. ಬೆನ್ನ ಹಿಂದೆ ದೇವರ ಮೂಲೆ, ಪಕ್ಕದಲ್ಲಿ ಮಳೆಗಾಲಕ್ಕೆಂದು ಕಟ್ಟಿದ ಬಟ್ಟೆ ಹಗ್ಗ. 2020ರಲ್ಲಿ ವರ್ಕ್ ಫ್ರಂ ಹೋಮ್ ಶುರುವಾದಾಗಿನಿಂದ ವರ್ಚುವಲ್ ಬ್ಯಾಕ್‌ಗ್ರೌಂಡ್ ಇಲ್ಲದೆ ಕ್ಯಾಮೆರಾ ಆನ್ ಮಾಡಿದ್ದು ಕಡಿಮೆ. ಅಂದರೆ ವಿಡಿಯೊ ಮೀಟಿಂಗ್‌ನಲ್ಲಿ ನಮ್ಮ ಹಿಂದಿರುವುದನ್ನು ಮುಚ್ಚಿ ಬೇರೆ ಚಿತ್ರ ತೋರಿಸುವುದು, ಇಲ್ಲವೇ ಅದನ್ನು ಮಸುಕು (ಬ್ಲರ್) ಮಾಡುವುದು.

ಮೊದಮೊದಲು ಸುಮ್ನೆ ಶೋಕಿ. ಕಡಲ ತೀರ, ಪುಸ್ತಕದ ಕಪಾಟು, ಒಂದು ದಿನ ಜೋಗ ಜಲಪಾತ. ಎರಡೇ ವಾರಕ್ಕೆ ಬೇಜಾರಾಯಿತು. ಕೂದಲಿನ ಅಂಚು ಕತ್ತರಿ ಆಡಿಸಿದ ಹಾಗೆ ಕಾಣುತ್ತಿತ್ತು. ಕಾಫಿ ಲೋಟ ಎತ್ತಿದರೆ ಲೋಟ ಜಲಪಾತದೊಳಗೆ ಮಾಯ! ಆಮೇಲೆ ಬರೀ ಬ್ಲರ್‌ಗೆ ಬಂದೆ. ಅದರಲ್ಲಿ ಅಂಚು ಹದಗೆಟ್ಟರೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಮನೆ ಚಿಕ್ಕದು ಅನ್ನುವುದನ್ನು ಮುಚ್ಚಿಡಲು ಹಾಕುತ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಸ್ವಲ್ಪ ನಿಜ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಇದು ಬೇಕಾಗಿದ್ದು ಅಮ್ಮನಿಗಾಗಿ. ಕ್ಯಾಮೆರಾ ಆನ್ ಅಂದರೆ ಸಾಕು, ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. "ನೈಟಿಯಲ್ಲಿದ್ದೀನಿ ಕಣೇ, ನಿಮ್ಮ ಆಫೀಸಿನವರು ನೋಡ್ತಾರೆ" ಅನ್ನುತ್ತಿದ್ದಳು.

ತಮಾಷೆ ಅಂದರೆ, ಆ ಕೆಲಸಕ್ಕೇ ಇದನ್ನು ನಂಬುವ ಹಾಗಿಲ್ಲ. ನಾನ್ಯಾರು, ಅಮ್ಮ ಯಾರು ಅಂತ ಆ್ಯಪ್‌ಗೇನು ಗೊತ್ತು? ಮನುಷ್ಯರ ಆಕಾರ ಕಂಡರೆ ಉಳಿಸಿಕೊಳ್ಳುತ್ತದೆ, ಮಿಕ್ಕಿದ್ದನ್ನು ಮಸುಕು ಮಾಡುತ್ತದೆ. ಒಂದು ದಿನ ಹಗ್ಗದ ಮೇಲಿನ ಟವೆಲ್ ಮಾಯವಾಗಿ, ಅದನ್ನು ತೆಗೆಯಲು ಬಂದ ಅಮ್ಮ ಮಾತ್ರ ಸ್ಪಷ್ಟವಾಗಿ ಕಂಡಳು. "ನಮಸ್ತೆ ಆಂಟಿ" ಅಂದ ನಮ್ಮ ಟೀಮಿನ ಹುಡುಗ. ಅಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಹಳೇ ಲ್ಯಾಪ್‌ಟಾಪ್ ಇರುವವರು ಯೋಚಿಸಿ. ಆಳು ಯಾವುದು, ಗೋಡೆ ಯಾವುದು ಅಂತ ಸೆಕೆಂಡಿಗೆ ಹಲವು ಸಲ ವಿಂಗಡಿಸಬೇಕು. ಸಾಮಾನ್ಯವಾಗಿ ಆ ಭಾರವೆಲ್ಲ ನಮ್ಮ ಮೆಷಿನ್ ಮೇಲೆಯೇ. ನನ್ನ 4 ಜಿಬಿ ಲ್ಯಾಪ್‌ಟಾಪ್‌ನ ಫ್ಯಾನ್ ಮಿಕ್ಸಿ ಥರ ಕೂಗುತ್ತಿತ್ತು, ಮಾತು ತುಂಡು ತುಂಡಾಗುತ್ತಿತ್ತು. 2022ರಲ್ಲಿ ಬೇರೆ ತೆಗೆದುಕೊಂಡ ಮೇಲೆ ಆ ಕಾಟ ತಪ್ಪಿತು. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತರೆ ಅಂಚೂ ಎಷ್ಟೋ ಸರಿಯಾಗುತ್ತದೆ. ಲೋಗೊ ಇರುವ ಚಿತ್ರ ಹಾಕಿದಾಗ ಅಕ್ಷರ ಉಲ್ಟಾ ಕಂಡರೆ ಗಾಬರಿ ಬೇಡ. ಅದು ನಿಮಗಷ್ಟೇ ಕನ್ನಡಿ, ಎದುರಿನವರಿಗೆ ನೆಟ್ಟಗೇ ಕಾಣುತ್ತದೆ.

ವರ್ಚುವಲ್ ಬ್ಯಾಕ್‌ಗ್ರೌಂಡ್‌ಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಅಮ್ಮನ ಲೆಕ್ಕಕ್ಕೆ. ಈಗ ಕುರ್ಚಿ ತಿರುಗಿಸಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಅಮ್ಮ ಲ್ಯಾಪ್‌ಟಾಪ್‌ನ ಆಚೆ ಆರಾಮಾಗಿ ಓಡಾಡಿಕೊಂಡಿದ್ದಾಳೆ. ಬ್ಲರ್ ಮಾತ್ರ ತೆಗೆದಿಲ್ಲ. ಗೋಡೆ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇನ್ನೂ ಹಾಗೇ ನೇತಾಡುತ್ತಿದೆ.