ಟೇಕಾಫ್ ವೇಳೆ ಕೈ ಎಲ್ಲಿರಬೇಕು: ಒಂದು ಎ320 ಸಿಮ್ಯುಲೇಟರ್ ಕೇಂದ್ರದ ವಿಮರ್ಶೆ

ಬೆಂಗಳೂರಿನ ಈ ಸಿಮ್ಯುಲೇಟರ್ ಕೇಂದ್ರದಲ್ಲಿ ಏರ್‌ಬಸ್ ಎ320 ವಿಮಾನದ ಕಾಕ್‌ಪಿಟ್ಟನ್ನು ಮೂಲದ ಅಳತೆಯಲ್ಲೇ ಕಟ್ಟಿದ್ದಾರೆ. ಪೈಲಟ್ ಅಲ್ಲದವರೂ ಗಂಟೆಯ ಲೆಕ್ಕದಲ್ಲಿ ಶುಲ್ಕ ಕೊಟ್ಟು ಹಾರಾಟ ನಡೆಸಬಹುದು. ಕಿಟಕಿಯಾಚೆಯ ದೃಶ್ಯ ಚೆನ್ನಾಗಿದೆ, ಸಮಯ ಕಾಯ್ದಿರಿಸುವುದೂ ಸುಲಭ. ಆದರೆ ಇಂಥ ಕೇಂದ್ರ ಆಟದ ಮನೆಯೋ ಕಲಿಕೆಯ ಜಾಗವೋ ಎಂಬುದು, ಟೇಕಾಫ್‌ನ ಅರ್ಧ ನಿಮಿಷದಲ್ಲಿ ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳ ಮೇಲಿರುವ ಕೈಗೆ ಅಲ್ಲಿನವರು ಎಷ್ಟು ಗಮನ ಕೊಡುತ್ತಾರೆ ಎಂಬುದರಿಂದಲೇ ತಿಳಿಯುತ್ತದೆ.

ಆ ವಿಷಯದಲ್ಲಿ ಇಲ್ಲಿನ ತರಬೇತುದಾರರು ಮೆಚ್ಚುಗೆಗೆ ಅರ್ಹರು. ಬೋಯಿಂಗ್ 737ರಲ್ಲಿ ಗುಂಡಿ ಒತ್ತಿದರೆ ಆಟೊಥ್ರಾಟಲ್ ಲಿವರ್‌ಗಳನ್ನು ತಾನೇ ಮುಂದಕ್ಕೆ ಒಯ್ಯುತ್ತದೆ. ಎ320ರಲ್ಲಿ ಆ ಕೆಲಸವನ್ನು ಕೈಯೇ ಮಾಡಬೇಕು. ಎಡಸೀಟಿನಲ್ಲಿ ಕುಳಿತವರ ಎಡಗೈ ವಿಮಾನವನ್ನು ನಿಯಂತ್ರಿಸುವ ಸೈಡ್‌ಸ್ಟಿಕ್ ಮೇಲಿದ್ದರೆ, ಬಲಗೈ ಎರಡೂ ಲಿವರ್‌ಗಳನ್ನು ಮೊದಲು ಸ್ವಲ್ಪವೇ ಸರಿಸಿ, ಎರಡೂ ಎಂಜಿನ್‌ಗಳು ಸುಮಾರು 50 ಶೇಕಡಾ ವೇಗದಲ್ಲಿ ಸಮನಾಗಿ ನಿಂತದ್ದನ್ನು ನೋಡಿಕೊಂಡು, ಆಮೇಲೆ ಫ್ಲೆಕ್ಸ್ (ತಗ್ಗಿಸಿದ ಶಕ್ತಿ) ಅಥವಾ ಟೋಗಾ (ಪೂರ್ಣ ಶಕ್ತಿ) ಸ್ಥಾನಕ್ಕೆ ಒಯ್ಯುತ್ತದೆ. ಕೈ ಅಲ್ಲೇ ಉಳಿಯಬೇಕು, ಲಿವರನ್ನು ತಳ್ಳಲಿಕ್ಕಲ್ಲ, ಬೇಕಾದರೆ ಹಿಂದಕ್ಕೆ ಎಳೆಯಲಿಕ್ಕೆ. ಟೇಕಾಫ್ ನಿಲ್ಲಿಸುವ ನಿರ್ಧಾರಕ್ಕೆ ಕೊನೆಯ ಮಿತಿಯಾದ ವೇಗವೇ ವಿ-1; ಅದರ ಕರೆ ಬಂದ ತಕ್ಷಣ ತರಬೇತುದಾರರು "ಕೈ ತೆಗೀರಿ ಸರ್" ಎಂದು ಗಟ್ಟಿಯಾಗಿಯೇ ಹೇಳುತ್ತಾರೆ. ಕೈ ಅಲ್ಲಿಲ್ಲದಿದ್ದರೆ, ಗಾಬರಿಯಲ್ಲಿ ಲಿವರ್ ಎಳೆದು, ಉಳಿದ ರನ್‌ವೇಯಲ್ಲಿ ನಿಲ್ಲದ ವಿಮಾನವನ್ನು ನಿಲ್ಲಿಸಲು ಹೊರಡುವ ಅಪಾಯ ಕಡಿಮೆಯಾಗುತ್ತದೆ.

ಟೇಕಾಫ್ ಕೈಬಿಡುವ, ಅಂದರೆ ಓಟವನ್ನು ಅರ್ಧಕ್ಕೇ ನಿಲ್ಲಿಸುವ, ಅಭ್ಯಾಸ ಇಲ್ಲಿನ ಅತ್ಯುತ್ತಮ ಭಾಗ. ವಿ-1ಕ್ಕೆ ಮೊದಲು ಎಂಜಿನ್ ಬೆಂಕಿಯ ಎಚ್ಚರಿಕೆ ಕೊಡುತ್ತಾರೆ. ಲಿವರ್‌ಗಳನ್ನು ಐಡಲ್‌ಗೆ (ಕನಿಷ್ಠ ಶಕ್ತಿಗೆ) ಎಳೆದೊಡನೆ ರೆಕ್ಕೆಯ ಮೇಲಿನ, ಗಾಳಿಗೆ ತಡೆಯೊಡ್ಡುವ ಸ್ಪಾಯ್ಲರ್‌ಗಳು ಏಳುತ್ತವೆ, ಮೊದಲೇ ಸಿದ್ಧವಾಗಿಟ್ಟ ಆಟೊಬ್ರೇಕ್ ಬಿಗಿಯುತ್ತದೆ, ಮತ್ತೆ ಅದೇ ಕೈ ಲಿವರ್‌ಗಳ ಮುಂದಿನ ತಡೆಯನ್ನು ಎತ್ತಿ, ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸ್‌ಗೆ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ನಮ್ಮ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಗಾಳಿ ತೆಳು, ಓಟ ಉದ್ದ. ಅಲ್ಲಿನ 4,000 ಮೀಟರ್ ರನ್‌ವೇಯನ್ನೇ ಆಯ್ದುಕೊಂಡಿದ್ದರಿಂದ ಈ ಪಾಠಕ್ಕೆ ತೂಕ ಬಂದಿದೆ.

ವಿ-1 ನಂತರ ಎಂದೂ ನಿಲ್ಲಿಸಬಾರದೆಂಬ ಅವರ ಮಾತನ್ನು ಮಾತ್ರ ಸಂಪೂರ್ಣ ಒಪ್ಪಲಾರೆ. 2017ರ ಮಾರ್ಚ್‌ನಲ್ಲಿ ಅಮೆರಿಕದ ಮಿಶಿಗನ್‌ನ ವಿಲ್ಲೋ ರನ್ ನಿಲ್ದಾಣದಲ್ಲಿ, ನಿಂತಿದ್ದಾಗ ಗಾಳಿಯ ಹೊಡೆತಕ್ಕೆ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಫಲಕ) ಸಿಕ್ಕಿಕೊಂಡಿದ್ದ ಎಂಡಿ-83 ವಿಮಾನ ಮೇಲೇಳದೆ ಹೋದಾಗ, ಕ್ಯಾಪ್ಟನ್ ವಿ-1 ದಾಟಿದ ಮೇಲೆಯೇ ಟೇಕಾಫ್ ಕೈಬಿಟ್ಟರು; ವಿಮಾನ ರನ್‌ವೇ ದಾಟಿ ಹೋಯಿತು, ಆದರೆ ಒಳಗಿದ್ದ 116 ಜನರೂ ಬದುಕಿದರು. ವಿಮಾನ ಹಾರಲಾರದೆಂದು ಖಚಿತವಾದಾಗ ಮಾತ್ರ ಸಲ್ಲುವ ಅಪರೂಪದ ಅಪವಾದವಿದು, ಆದರೂ ಹೇಳಬೇಕಾದದ್ದು.

ಇನ್ನು ಕೊರತೆಗಳು. ಬಲಸೀಟಿನ ಗ್ರಾಹಕರು ಹಾರಿಸುವಾಗ ಲಿವರ್ ಮೇಲೆ ಕೊನೆಯವರೆಗೂ ಅವರದೇ ಕೈ ಇರಲು ಬಿಡುತ್ತಾರೆ. ಏರ್‌ಬಸ್‌ನ ಕ್ರಮದಲ್ಲಿ ಹಾಗಲ್ಲ: ಬಲಸೀಟಿನ ಸಹಪೈಲಟ್ ಆದ ಫಸ್ಟ್ ಆಫೀಸರ್ ಶಕ್ತಿ ಕೊಟ್ಟ ಮೇಲೆ ವಿ-1ರವರೆಗೆ ಲಿವರ್ ಮೇಲಿರಬೇಕಾದದ್ದು ಕ್ಯಾಪ್ಟನ್ ಕೈ, ಏಕೆಂದರೆ ನಿಲ್ಲಿಸುವ ನಿರ್ಧಾರ ಅವರದು. ಇಬ್ಬರು ಸ್ನೇಹಿತರು ಒಟ್ಟಿಗೆ ಬಂದಾಗ ಈ ಕೈಬದಲಿ ಕಲಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಲಿವರ್‌ನ ಫ್ಲೆಕ್ಸ್ ಹಲ್ಲು ಕೂಡ ಸವೆದಿದೆ; ಕೈಗೆ ತಡೆ ಸಿಗದೆ ಲಿವರ್ ಜಾರಿ ಟೋಗಾಕ್ಕೆ ಹೋಗುತ್ತದೆ, ಪರದೆಯನ್ನು ನೋಡಿಯೇ ಸರಿಪಡಿಸಬೇಕಾಗುತ್ತದೆ.

ಒಂದು ಗಂಟೆಯ ಶುಲ್ಕ ಕಡಿಮೆಯೇನಲ್ಲ, ಇಬ್ಬರು ಹಂಚಿಕೊಂಡರೆ ಹೊರೆಯಾಗದು. ಕಾಯ್ದಿರಿಸುವಾಗಲೇ ಟೇಕಾಫ್ ಕೈಬಿಡುವ ಅಭ್ಯಾಸ ಬೇಕೆಂದು ಹೇಳಿಡಿ. ಕೇಳದವರಿಗೆ ಬರೀ ಊರಿನ ಮೇಲೊಂದು ಸುತ್ತು ಹಾಕಿಸಿ ಕಳಿಸುತ್ತಾರೆ.