ಅಟ್ಟದಿಂದ ಇಳಿದ ಅಂಬಾಸಡರ್: ಹಳೇ ಆಬು 6500ಸಿ ರೀಲು ಹೇಗಿದೆ?

"ಅಂಬಾಸಡರ್ ಬಿಚ್ಚಿ ಹಾಕಿದ್ದೀನಿ, ಒಂದು ವಾರ ಹಿತ್ತಲ ಶೆಡ್ಡಿಗೆ ಯಾರೂ ಬರಬೇಡಿ" ಅಂದೆ. ಮನೆಯವರೆಲ್ಲ ಕಾರು ಎಲ್ಲಿ ಅಂತ ಗೇಟಿನಾಚೆ ನೋಡಿದರು. ಕಾರಲ್ಲ, ಆಬು ಕಂಪನಿಯ 'ಅಂಬಾಸಡರ್' ಅನ್ನುವ ಮೀನು ಹಿಡಿಯುವ ರೀಲು, ಅಂದರೆ ಗಾಳದ ದಾರ ಸುತ್ತುವ ಯಂತ್ರ.

ಇದು ನಮ್ಮ ಸೋದರಮಾವನದು. ಭೀಮೇಶ್ವರಿ ಕಡೆ ಕಾವೇರಿ ಹೊಳೆಯಲ್ಲಿ ಅವರು ಹರಿಗೋಲು ಹಾಕುತ್ತಿದ್ದ ಕಾಲದಲ್ಲಿ, ಊರಿಗೆ ಹೊರಟ ಇಂಗ್ಲಿಷ್ ಸಾಹೇಬನೊಬ್ಬ ಕೈಗಿಟ್ಟು ಹೋಗಿದ್ದ. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದೇ ನಿಂತಿತು. ರೀಲು ಗೋಣಿಚೀಲದಲ್ಲಿ ಅಟ್ಟ ಸೇರಿತು. ನನ್ನ ಕೈಗೆ ಬಂದಾಗ ಹಿಡಿ ಒಂದಿಂಚೂ ಅಲ್ಲಾಡುತ್ತಿರಲಿಲ್ಲ. ದಾರದ ಸಂದಿಯಲ್ಲಿ ಕಲ್ಲಿನ ಹಾಗೆ ಒಣಗಿದ ರಾಗಿ ಹಿಟ್ಟು. ಬಿಳಿ ಮೀನಿಗೆ, ಅಂದರೆ ಕಾವೇರಿಯ ದೊಡ್ಡ ಮಹಶೀರ್‌ಗೆ, ರಾಗಿ ಉಂಡೆ ತಾನೇ ಹಾಕುತ್ತಿದ್ದುದು!

ಗಾಳದ ಕೋಲಿಗೆ ಕೂರುವ ಪಟ್ಟಿಯ ಅಡಿ 780400 ಅಂತ ಒತ್ತಿದ್ದಾರೆ. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. ಅಂದರೆ 1978ರ ಏಪ್ರಿಲ್. ಆಬು ಅನ್ನುವ ಹೆಸರೇ ಸ್ವೀಡಿಷ್ ಭಾಷೆಯ 'ಗಡಿಯಾರದ ಕಾರ್ಖಾನೆ'ಯಿಂದ ಬಂದಿದ್ದು. 1921ರಲ್ಲಿ ಸ್ವೆಂಗ್‌ಸ್ತಾ ಅನ್ನುವ ಊರಲ್ಲಿ ಶುರುವಾಗಿ, ಟ್ಯಾಕ್ಸಿ ಮೀಟರ್ ಮಾಡಿ, ಆಮೇಲೆ ರೀಲಿಗೆ ಬಂದ ಕಂಪನಿ. ಒಳಗಿನ ಕೆಲಸ ನೋಡಿದರೆ ಆ ಗಡಿಯಾರದ ಕೈ ಇನ್ನೂ ಕಾಣುತ್ತದೆ.

ಹಿಡಿಯ ಕಡೆ ಇರುವ ಮೂರು ದಪ್ಪ ತಿರುಪು ಬೆರಳಲ್ಲೇ ಬಿಚ್ಚಬೇಕು. ಆ ಬದಿ ಇಡಿಯಾಗಿ ಕೈಗೆ ಬರುತ್ತದೆ, ದಾರದ ಉರುಳೆ ಜಾರಿ ಹೊರಗೆ ಬೀಳುತ್ತದೆ. ಹೊಳೆ ದಡದಲ್ಲಿ ಕೂತು ಮಾಡುವಂಥ ಕೆಲಸ. ನನ್ನದು ಹಿಡಿದುಕೊಂಡಿತ್ತು. ಮೂರು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಒಂದೊಂದು ಹನಿ ಬಿಟ್ಟೆ. ನಾಲ್ಕನೇ ಬೆಳಗ್ಗೆ ಬಟ್ಟೆ ಸುತ್ತಿದ ಇಕ್ಕಳಕ್ಕೆ ಕಿರ್ ಅಂತ ಬಿಟ್ಟುಕೊಟ್ಟಿತು. ಅವಸರ ಮಾಡಿದ್ದರೆ ತಿರುಪಿನ ತಲೆ ಹೋಗುತ್ತಿತ್ತು.

ಒಳಗೆ ಗ್ರೀಸ್ ಒಣಗಿ ಹಳೇ ಬೆಲ್ಲದ ಪಾಕದ ಹಾಗೆ ಆಗಿತ್ತು. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ಹಿತ್ತಾಳೆಯ ದೊಡ್ಡ ಗೇರಿಗೆ ಹಸಿರು ಕಿಲುಬು ಹಿಡಿದಿತ್ತು. ಅದಕ್ಕೆ ಅಮ್ಮ ಚೊಂಬು ಬೆಳಗುವ ಹುಣಸೆಹಣ್ಣೇ ಸಾಕಾಯಿತು. ಹಲ್ಲು ಒಂದೂ ಸವೆದಿಲ್ಲ! ಆದರೆ ಹುಣಸೆಹುಳಿಯಾಗಲಿ ವಾಷಿಂಗ್ ಸೋಡಾ ಆಗಲಿ ಅಲ್ಯೂಮಿನಿಯಂ ಬದಿತಟ್ಟೆಯ ಹತ್ತಿರ ತರಬೇಡಿ. ಮೇಲಿನ ಬಣ್ಣದ ಲೇಪ ಹೋದರೆ ಮನೆಯಲ್ಲಿ ಮತ್ತೆ ಹಾಕಲು ಆಗುವುದಿಲ್ಲ. ಅದಕ್ಕೆ ಸೋಪಿನ ನೀರು, ಮೆತ್ತನೆ ಬಟ್ಟೆ ಅಷ್ಟೇ.

ಪರೀಕ್ಷೆ ಇರುವುದು ಹೆಬ್ಬೆರಳಲ್ಲಿ ಒತ್ತಿ ದಾರ ಸಡಿಲ ಬಿಡುವ ಭಾಗದಲ್ಲಿ. ಅಲ್ಲಿ ಜೀರಿಗೆ ಕಾಳಿನಷ್ಟು ಚಿಕ್ಕ ಎರಡು ಸ್ಪ್ರಿಂಗ್ ಇವೆ. ಮೇಲಿನ ತುಂಡು ಎತ್ತಿದ ಕೂಡಲೇ ಒಂದು ಟಣ್ ಅಂತ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಅರ್ಧ ದಿನ ನೆಲದ ಮೇಲೆ ಮೊಣಕಾಲೂರಿ ಹುಡುಕಿದೆ. ಸಿಕ್ಕಿದ್ದು ಸಂಜೆ ಕಸ ಗುಡಿಸಿದ ನನ್ನ ಹೆಂಡತಿಗೆ. ಎರಡನೇ ಸಲ ಬುದ್ಧಿ ಬಂದು, ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಿಚ್ಚಿದೆ. ಪ್ರತಿ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಬಿಚ್ಚಿದ್ದನ್ನು ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಡಿ.

ಬದಲಿಸಬೇಕಾಗಿ ಬಂದಿದ್ದು ಎರಡೇ. ಒಂದು, ಉರುಳೆಯ ಮುಂದೆ ದಾರವನ್ನು ಆ ಕಡೆ ಈ ಕಡೆ ಓಡಾಡಿಸುವ ಪುಟ್ಟ ಹಲ್ಲು. ಅಡ್ಡಡ್ಡ ಗೀರಿನ ಸರಳಿನ ಮೇಲೆ ಅದು ಸದಾ ಉಜ್ಜುತ್ತದೆ. ಮರಳು ಸೇರಿ ತುದಿ ಮೊಂಡಾಗಿತ್ತು. ಇನ್ನೊಂದು, ಮೀನು ಎಳೆದಾಗ ಹಿಡಿತ ಕೊಡುವ ವಾಷರ್‌ಗಳು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ತರಿಸಿದೆ. ಇದೇ ಮಾಡೆಲ್ ಅಂತ ಬರೆದುಕೊಂಡಿದ್ದರು, ಬಂದಿದ್ದು ಬೇರೆ ಸೈಜು. ಪೊಟ್ಟಣ ಒಡೆದಿದ್ದಕ್ಕೆ ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಹಳೇದನ್ನು ಅಳೆದು, ಫೋಟೋ ಕಳಿಸಿ, ಇನ್ನೊಬ್ಬರಿಂದ ಕಾರ್ಬನ್ ಫೈಬರಿನವು ತರಿಸಿದೆ. ಒಟ್ಟು ಸಾವಿರದ ಇನ್ನೂರು ಹೋಯಿತು, ಅದರಲ್ಲಿ ನಾನೂರು ದಂಡ. ಆದರೆ ಹೊಸ ವಾಷರ್ ಮೇಲೆ ದಾರ ಎಳೆದರೆ ಜಗ್ಗದೆ, ಒಂದೇ ಸಮ ಬೆಣ್ಣೆಯ ಹಾಗೆ ಬರುತ್ತದೆ.

ಹಳೇದು ಎಲ್ಲಾದರೂ ಸಿಕ್ಕರೆ ಕೊಳ್ಳಬಹುದಾ? ಬರೀ ದೂಳು, ಗ್ರೀಸ್ ಹಿಡಿದಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಸಮುದ್ರದ ಉಪ್ಪು ಕಂಡು ತಟ್ಟೆಯಲ್ಲಿ ಬಿಳಿ ಪುಡಿ, ಗುಳಿ ಎದ್ದಿದ್ದರೆ ಬೇಡ. ಕಾವೇರಿಗಂತೂ ನಾನು ಒಯ್ಯುವುದಿಲ್ಲ. ಅಲ್ಲಿನ ಆ ಬಿಳಿ ಮೀನು 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಗೆಳೆಯನ ಕೆರೆಯ ಕಾಟ್ಲಾ ಸಾಕು.

ಜೋಡಿಸಿ ಮಾವನ ಕೈಗೆ ಕೊಟ್ಟೆ. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು. ಹೆಬ್ಬೆರಳಲ್ಲಿ ಗುಂಡಿ ಒತ್ತಿ, ಉರುಳೆಗೆ ಒಂದು ತಟ್ಟು ತಟ್ಟಿ ಕಿವಿ ಹತ್ತಿರ ಹಿಡಿದರು. ಗಿರ್ರನೆ ತಿರುಗಿ ಬೇಗನೆ ನಿಂತಿತು.

"ಬೇರಿಂಗ್‌ಗೆ ಏನು ಹಾಕಿದ್ದೀಯ?"

"ಗ್ರೀಸ್, ಮಾವ."

"ಗ್ರೀಸ್ ಗೇರಿಗೆ ಕಣೋ. ಬೇರಿಂಗ್‌ಗೆ ಹೊಲಿಗೆ ಮಷಿನ್ ಎಣ್ಣೆ, ಒಂದೇ ಹನಿ. ಬಿಚ್ಚು."

ಈ ಸಲ ಮೂರು ತಿರುಪೂ ಬೆರಳಲ್ಲೇ ಬಂದವು.