ಉಚಿತ ಗುಳಿಗೆ, ಒಳ್ಳೆಯ ನರ್ಸ್, ಯಾರೂ ಕೇಳದ ಒಂದು ಪ್ರಶ್ನೆ

ಇದು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ನನಗಾದ ಲಿವರ್ ಚಿಕಿತ್ಸೆಯ ಬಗ್ಗೆ ನನ್ನ ಅನಿಸಿಕೆ. ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ತೂಕ, ದರ, ಕಮಿಷನ್, ಹಮಾಲಿ ಎಲ್ಲ ಕಳೆದು ರೈತರಿಗೆ ಎಷ್ಟು ಸಲ್ಲಬೇಕೆಂದು ಬಾಯಲ್ಲೇ ಹೇಳುತ್ತಿದ್ದವಳು. ಎರಡು ವರ್ಷಗಳ ಹಿಂದೆ ಅದು ಕೈಕೊಡತೊಡಗಿತು. ಕ್ಯಾಲ್ಕುಲೇಟರ್‌ನಲ್ಲಿ ಒಂದು ಮೊತ್ತ ಒತ್ತಿ ಚೀಟಿಯ ಕಡೆಗೆ ತಿರುಗುವಷ್ಟರಲ್ಲಿ ಏನು ಒತ್ತಿದ್ದೆ ಎಂಬುದೇ ಮರೆತಿರುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತಲೆಯೊಳಗೆ ಮಂಜು ಕವಿದಂತಾಗುತ್ತಿತ್ತು. ವಯಸ್ಸಾಯಿತು, ಮುಟ್ಟು ನಿಲ್ಲುವ ಕಾಲ ಎಂದರು. ನಾನೂ ಒಪ್ಪಿಕೊಂಡೆ.

ನಿಜವಾದ ಕಾರಣ ತಿಳಿದದ್ದು ಸಂಘದ ರಕ್ತದಾನ ಶಿಬಿರದಿಂದ. ಒಂದು ವಾರದ ಬಳಿಕ ರಕ್ತನಿಧಿಯವರು ಫೋನ್ ಮಾಡಿ ಕರೆಸಿಕೊಂಡು, ಹೆಪಟೈಟಿಸ್ ಸಿ (ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು) ಇರಬಹುದು, ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದರು. 1997ರಲ್ಲಿ ಮಗಳ ಹೆರಿಗೆಗೆ ಸಿಸೇರಿಯನ್ ಆದಾಗ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅಲ್ಲಿಂದಲೇ ಬಂದಿರಬೇಕು.

ನನಗೆ ಹೆದರಿಕೆಯಾದದ್ದು ರೋಗಕ್ಕಿಂತ ಚಿಕಿತ್ಸೆಯ ಬಗ್ಗೆ. 2008ರಲ್ಲಿ ನಮ್ಮ ಭಾವನವರಿಗೆ ಇದೇ ಕಾಯಿಲೆಗೆ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರೈಬಾವಿರಿನ್ ಗುಳಿಗೆ ಕೊಟ್ಟಿದ್ದರು. 48 ವಾರ ಹೇಳಿದ್ದರು. ಐದನೇ ತಿಂಗಳಿಗೇ ಬಿಟ್ಟರು. ಎಂದೂ ದನಿ ಏರಿಸದ ಮನುಷ್ಯ ಊಟದ ತಟ್ಟೆ ದೂಡಿ ಎದ್ದು ಹೋಗುತ್ತಿದ್ದರು, ಇಡೀ ದಿನ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಬಾವಿಕಟ್ಟೆಯ ಕಡೆ ಹೋದರೆ ಅಕ್ಕ ಹಿಂದೆಯೇ ಹೋಗುತ್ತಿದ್ದಳು. ಮೊದಲ ಭೇಟಿಯಲ್ಲೇ ಇದನ್ನು ವೈದ್ಯರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಇಂಟರ್‌ಫೆರಾನ್ ಎಂಬುದು ಸೋಂಕು ತಗುಲಿದಾಗ ನಮ್ಮ ದೇಹವೇ ಉಂಟುಮಾಡುವ ವಸ್ತು, ಜ್ವರ ಬಂದಾಗಿನ ಜಡತ್ವ, ಬೇಸರ ಅದರಿಂದಲೂ ಬರುವುದು, ಅದನ್ನೇ ತಿಂಗಳುಗಟ್ಟಲೆ ಸೂಜಿಯಲ್ಲಿ ಕೊಟ್ಟರೆ ನಾಲ್ವರಲ್ಲಿ ಒಬ್ಬರಿಗಾದರೂ ಖಿನ್ನತೆ ಬರುತ್ತಿತ್ತು ಎಂದು ವಿವರಿಸಿದರು. ‘ಅದು ನಿಮ್ಮ ಭಾವನ ಸ್ವಭಾವ ಅಲ್ಲಮ್ಮ, ಔಷಧದ ಗುಣ’ ಎಂದರು. ಅಂದು ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿ ಈ ಮಾತು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಈಗಿನ ಚಿಕಿತ್ಸೆಯಲ್ಲಿ ಸೂಜಿಯ ಪ್ರಶ್ನೆಯೇ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ನನಗೆ ಸಿಕ್ಕಿದ್ದು ಸೊಫೊಸ್ಬುವಿರ್ 400 ಮಿಲಿಗ್ರಾಂ, ಡಾಕ್ಲಾಟಾಸ್ವಿರ್ 60 ಮಿಲಿಗ್ರಾಂ. ದಿನಕ್ಕೊಮ್ಮೆ, 12 ವಾರ. ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಬಸ್ ಚಾರ್ಜ್ ಬಿಟ್ಟರೆ. ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದೂ ನೋಡಿದರು. ಅದು ಒಳಗಿದ್ದರೆ ಸಿ ಹೋಗುತ್ತಿದ್ದಂತೆ ಕೆರಳಬಹುದಂತೆ. ಮನೆಯಲ್ಲಿ ಕಾಮಾಲೆಗೆಂದು ನೆಲನೆಲ್ಲಿ ಅರೆದು ಕುಡಿಯುತ್ತಿದ್ದುದನ್ನು ನರ್ಸ್ ಕೇಳಿ ತಿಳಿದುಕೊಂಡು, ಬೈಯದೆ ನಿಲ್ಲಿಸಿದರು.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜು ಮಾಡಲು ವೈದ್ಯರು ಚೀಟಿಯ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದರು. ವಯಸ್ಸನ್ನು ಎಎಸ್‌ಟಿಯಿಂದ (ಎಎಸ್‌ಟಿ, ಎಎಲ್‌ಟಿ ಎರಡೂ ರಕ್ತಪರೀಕ್ಷೆಯಲ್ಲಿ ಕಾಣುವ ಲಿವರ್ ಕಿಣ್ವಗಳು) ಗುಣಿಸಬೇಕು. ಪ್ಲೇಟ್‌ಲೆಟ್ ಎಣಿಕೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಬಂದದ್ದರಿಂದ ಮೊದಲ ಉತ್ತರವನ್ನು ಭಾಗಿಸಬೇಕು. ನನ್ನ ವಯಸ್ಸು 52, ಎಎಸ್‌ಟಿ 46, ಪ್ಲೇಟ್‌ಲೆಟ್ (ಸಾವಿರದಲ್ಲಿ) 210, ಎಎಲ್‌ಟಿ 64. ಲೆಕ್ಕ ಕಂಡ ಕೂಡಲೇ ನಾನೇ ಮಾಡುತ್ತೇನೆ ಎಂದೆ. ಐವತ್ತೆರಡು ನಲವತ್ತಾರಲಿ... ಹಿಡಿದದ್ದು ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು. ವೈದ್ಯರು ಮೊಬೈಲ್‌ನಲ್ಲಿ ಒತ್ತಿ, ‘1.42. 1.45ಕ್ಕಿಂತ ಕಡಿಮೆ. ಲಿವರ್ ಗಾಯಗಟ್ಟಿ ಗಡುಸಾಗುವ ಸಿರೋಸಿಸ್ ಇಲ್ಲ, ಗಾಬರಿ ಬೇಡ’ ಎಂದು ಸಮಾಧಾನ ಹೇಳಿದರು. ನಾನು ಅತ್ತದ್ದು ಸಿರೋಸಿಸ್‌ಗಲ್ಲ ಎಂದು ಅವರಿಗೆ ಹೊಳೆಯಲಿಲ್ಲ.

ನನ್ನ ದೂರು ಇರುವುದು ಇಲ್ಲಿಯೇ. ಆರು ಸಲ ಹೋದೆ. ತೂಕ ನೋಡಿದರು, ಕಣ್ಣು ನೋಡಿದರು, ಗುಳಿಗೆ ಎಣಿಸಿದರು. ಮರೆವು ಇದೆಯೇ, ಗಮನ ನಿಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮೂರನೇ ಭೇಟಿಯಲ್ಲಿ ನಾನೇ ಬಾಯಿಬಿಟ್ಟ ಮೇಲೆ, ಸಿರೋಸಿಸ್ ಇಲ್ಲದವರಲ್ಲೂ ಈ ವೈರಸ್ ಏಕಾಗ್ರತೆಯನ್ನು ಕುಂದಿಸಬಹುದು, ದೇಹದಲ್ಲಿ ಸದಾ ನಡೆಯುವ ಉರಿಯೂತ ಮಿದುಳನ್ನೂ ಮುಟ್ಟುತ್ತದೆ ಎಂದು ಒಪ್ಪಿದರು. ಥೈರಾಯ್ಡ್, ಬಿ12 ಕೂಡ ನೋಡಿಸಿದರು. ಎರಡೂ ಸರಿ ಇದ್ದವು.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಅಲ್ಲಿನ ಬೆಂಚಿನ ಮೇಲೇ ಕಂಡೆ. ಸಿರೋಸಿಸ್ ಆಗಿದ್ದ ಗಂಡನನ್ನು ಕರೆದುಕೊಂಡು ಒಬ್ಬ ಹೆಂಗಸು ಬಂದಿದ್ದಳು. ಆತ ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಮನೆಯೊಳಗೆ ಸುತ್ತುತ್ತಿದ್ದನಂತೆ, ಅಂಗಿಯ ಗುಂಡಿ ಹಾಕಲು ಬಾರದಂತಾಗಿತ್ತಂತೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ಎರಡು ತಿಂಗಳು ಕಳೆದಿದ್ದರು. ವೈದ್ಯರು ಆತನ ಕೈಗಳನ್ನು ಮುಂದೆ ಚಾಚಿಸಿ, ‘ನಿಲ್ಲು’ ಎನ್ನುವಂತೆ ಅಂಗೈಗಳನ್ನು ಮಣಿಕಟ್ಟಿನಿಂದ ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿದರು. ಕೈ ನಿಲ್ಲದೆ ಹಕ್ಕಿಯ ರೆಕ್ಕೆಯಂತೆ ಬಡಿಯಿತು. ಸೋತ ಲಿವರ್ ತೆಗೆಯಲಾರದ ಅಮೋನಿಯಾ ಮಿದುಳಿಗೆ ಏರಿದೆ ಎಂದರು. ನರ್ಸ್ ಆ ಹೆಂಗಸನ್ನು ಪಕ್ಕಕ್ಕೆ ಕೂರಿಸಿಕೊಂಡು ಲ್ಯಾಕ್ಟುಲೋಸ್ ಸಿರಪ್ ಅಳತೆ ತೋರಿಸಿ, ದಿನಕ್ಕೆ ಎರಡು ಮೂರು ಸಲ ಮಲ ಸಲೀಸಾಗಿ ಹೋಗಲೇಬೇಕು, ಮಲಬದ್ಧತೆ ಆದರೆ ಮತ್ತೆ ಮಂಪರು, ನಿದ್ದೆಗುಳಿಗೆ ಕೊಡಲೇಬೇಡಿ ಎಂದು ಅವಳಿಂದಲೇ ತಿರುಗಿ ಹೇಳಿಸಿದರು. ಆ ನರ್ಸ್‌ಗೆ ನನ್ನ ಪೂರ್ಣ ಅಂಕ.

ಔಷಧ ಕೊಡುವ ಕಿಟಕಿಗೆ ಅಂಕವೇ ಇಲ್ಲ. ‘ಹೆಪಟೈಟಿಸ್ ಯಾರು?’ ಎಂದು ಸಾಲಿನವರಿಗೆಲ್ಲ ಕೇಳುವಂತೆ ಕೂಗಿದರು. ನನ್ನೂರಿನ ಇಬ್ಬರು ಅಲ್ಲಿದ್ದರು. ಚೀಟಿಯ ನಂಬರ್ ಕರೆದರೆ ಸಾಕಲ್ಲವೇ?

ಗುಳಿಗೆ ಮುಗಿದ 12 ವಾರಗಳ ನಂತರ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಆ ವರದಿ ಬರಲು 19 ದಿನ ಹಿಡಿಯಿತು, ಒಂದು ಪ್ರಯಾಣ ದಂಡವಾಯಿತು. ಹೋಗುವ ಮುನ್ನ ಫೋನ್ ಮಾಡಿ. ವರದಿಯನ್ನು ಜೋಪಾನ ಮಾಡಿ, ಏಕೆಂದರೆ ಗುಣವಾದ ಮೇಲೂ ಪ್ರತಿಕಾಯದ (ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ವಸ್ತುವಿನ) ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತದೆ. ಮತ್ತೆ ಸೋಂಕು ತಗುಲಲಾರದು ಎಂದೂ ಅಲ್ಲ.

ತಲೆಯ ಮಂಜು ಒಂದೇ ದಿನ ಕರಗಲಿಲ್ಲ. ಎರಡನೇ ತಿಂಗಳಲ್ಲಿ ಮಧ್ಯಾಹ್ನದ ಮಂಪರು ಕಡಿಮೆಯಾಯಿತು. ಹೆಸರುಗಳು ಈಗಲೂ ತಡವಾಗಿ ನೆನಪಾಗುತ್ತವೆ. ಈ ಮಾರ್ಚ್ ಕೊನೆಯ ಲೆಕ್ಕದ ದಿನ ವೈದ್ಯರ ಆ ಹಳೆಯ ಚೀಟಿ ಪರ್ಸಿನಲ್ಲಿ ಸಿಕ್ಕಿತು. ಐವತ್ತು ನಲವತ್ತಾರಲಿ 2,300, ಎರಡು ನಲವತ್ತಾರಲಿ 92, ಒಟ್ಟು 2,392. ಬೇರೆ ಕಾಗದ ಬೇಕಾಗಲಿಲ್ಲ.

ಆಸ್ಪತ್ರೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆಸ್ಪತ್ರೆಯ ಸಲಹಾ ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ‘ತೂಕ ನೋಡುವಾಗಲೇ ಲೆಕ್ಕ ತಪ್ಪುತ್ತಿದೆಯೇ, ಹೆಸರು ಮರೆಯುತ್ತಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ, ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳಿ.’ ಪುಟದ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಭಾದ್ರಪದದಲ್ಲಿ ಅಕ್ಕನ ಮನೆಗೆ ಹೋಗುವಾಗ ಇಳಿದು ನೋಡಿ ಬರುತ್ತೇನೆ.